ಎಳೆಯ ಮಕ್ಕಳ ಬೆಳವಣಿಗೆಯನ್ನು ತಕ್ಕ ಕಾಲದಲ್ಲಿ ಗಮನಿಸುವ ವಿಷಯ



ಹೊಲದಲ್ಲಿ ಬೀಜ ಬಿತ್ತಿದ ರೈತನು ಸುಗ್ಗಿಯ ವರೆಗೆ ಮನೆಯಲ್ಲಿ ಸುಮ್ಮನೆ ಕುಳಿತಿರುವದಿಲ್ಲ. ವಾರದೊಳಗೆ ಹೊಲಕ್ಕೆ ಹೋಗಿ ಮೊಳಕೆ ಬಂತೋ ಇಲ್ಲವೋ ಎಂದು ನೋಡುತ್ತಾನೆ. ಒಂದು ಸಾಲಿನ ಪೈರು ಹಿಂದುಳಿದರೆ ನೀರು ಸಾಲದೋ, ಹುಳ ಬಿತ್ತೋ ಎಂದು ಆಗಲೇ ವಿಚಾರಿಸುತ್ತಾನೆ. ಹೊಲದ ವಿಷಯದಲ್ಲಿ ಇಷ್ಟು ಜಾಗ್ರತೆಯುಳ್ಳ ನಾವು ತೊಟ್ಟಿಲಲ್ಲಿರುವ ಕೂಸಿನ ವಿಷಯದಲ್ಲಿ ಮಾತ್ರ, "ಮುಂದೆ ತಾನಾಗಿ ಸರಿಹೋದೀತು" ಎಂದು ಹೇಳಿ ಕಾಲ ಕಳೆಯುವದುಂಟು. ಇದು ಸರಿಯೋ ಎಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಇದನ್ನು ಬರೆಯುವದಕ್ಕೆ ನಮ್ಮದೇ ಒಂದು ತಪ್ಪು ಕಾರಣವಾಯಿತು. ಕೆಲವು ವರುಷಗಳ ಹಿಂದೆ ನಮ್ಮ ಊರಿನ ಒಬ್ಬ ತಾಯಿಯು ಭಾನುವಾರದ ಆರಾಧನೆ ಮುಗಿದ ಮೇಲೆ ನಮ್ಮ ಬಳಿಗೆ ಬಂದು, "ಅಯ್ಯನವರೇ, ಹುಡುಗನಿಗೆ ಒಂದೂವರೆ ವರುಷ ತುಂಬಿತು. ಹೆಸರು ಹಿಡಿದು ಕೂಗಿದರೆ ತಿರುಗುವದಿಲ್ಲ. ಚಂದಮಾಮನನ್ನು ತೋರಿಸಿದರೆ ಆ ಕಡೆ ನೋಡುವದಿಲ್ಲ. ನನ್ನ ಮನಸ್ಸಿಗೆ ಸಮಾಧಾನವಿಲ್ಲ" ಅಂದಳು. ಅದಕ್ಕೆ ನಾವು, "ಅಮ್ಮಾ, ಗಂಡುಮಕ್ಕಳಿಗೆ ಮಾತು ತಡವಾಗಿಯೇ ಬರುವದು. ಇವನ ತಂದೆಗೂ ಹಾಗೆಯೇ ಆಯಿತು. ಇನ್ನೂ ಸ್ವಲ್ಪ ಕಾಲ ನೋಡು" ಎಂದು ಹೇಳಿ ಕಳುಹಿಸಿದೆವು. ಅವಳ ಅತ್ತೆಯು ಮಗುವಿನ ನಾಲಿಗೆಗೆ ಬಜೆ ತೇಯ್ದು ಹಚ್ಚಿದಳು. ನೆರೆಯವರು ದೃಷ್ಟಿ ತೆಗೆಸು ಅಂದರು. ಹೀಗೆ ಮೂರು ವರುಷ ಕಳೆದವು. ಶಾಲೆಗೆ ಸೇರಿಸುವ ಹೊತ್ತಿಗೆ ವೈದ್ಯರು ಪರೀಕ್ಷಿಸಿ ಇದು ಆಟಿಸಂ ಎಂದು ತಿಳಿಸಿ, "ಮುಂಚೆಯೇ ಯಾಕೆ ಬರಲಿಲ್ಲ?" ಎಂದು ಕೇಳಿದರು. ಆ ತಾಯಿಯು ನಮ್ಮನ್ನು ದೂರಲಿಲ್ಲ. ಆದರೂ ಕಂಡವಳು ಅವಳೇ, ಕಾಣದವರು ನಾವೇ. ಆದಕಾರಣ ಬೇರೊಂದು ಮನೆಯಲ್ಲಿ ಹೀಗೆ ಆಗದ ಹಾಗೆ ನಾವು ಕಲಿತದ್ದನ್ನು ಇಲ್ಲಿ ಬರೆಯುತ್ತೇವೆ.

1. ಬೆಳವಣಿಗೆಯ ಹಿನ್ನಡೆ ಎಂದರೇನು? ಆಟಿಸಂ ಎಂದರೇನು?

ಮಗುವಿನ ಬೆಳವಣಿಗೆಯು ಮೈಯ ತೂಕದಿಂದ ಮಾತ್ರ ತಿಳಿಯುವದಿಲ್ಲ. ಕತ್ತು ನಿಲ್ಲಿಸುವದು, ಕೂಡ್ರುವದು, ನಡೆಯುವದು ಒಂದು. ಕೈಬೆರಳುಗಳಿಂದ ಹಿಡಿಯುವದು, ಎತ್ತುವದು ಇನ್ನೊಂದು. ಕೇಳಿ ತಿಳಿಯುವದು, ಮಾತಾಡುವದು ಮೂರನೆಯದು. ಜನರ ಸಂಗಡ ನಗುವದು, ಆಡುವದು, ಅವರನ್ನು ನೋಡಿ ಕಲಿಯುವದು ನಾಲ್ಕನೆಯದು. ಇವುಗಳಲ್ಲಿ ಒಂದಾಗಲಿ ಹಲವಾಗಲಿ ವಯಸ್ಸಿಗೆ ತಕ್ಕ ಹಾಗೆ ಬಾರದಿದ್ದರೆ ಅದಕ್ಕೆ ಬೆಳವಣಿಗೆಯ ಹಿನ್ನಡೆ ಎಂದು ಹೆಸರು.

ಆಟಿಸಂ ಎಂಬದಕ್ಕೆ ಕನ್ನಡದಲ್ಲಿ ಸ್ವಲೀನತೆ ಎಂದೂ ಹೇಳುತ್ತಾರೆ. ಇದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆಯಾಗಿರುವದರಿಂದ ಜನರ ಸಂಗಡ ಬೆರೆಯುವದರಲ್ಲಿಯೂ ಮಾತು, ಸನ್ನೆಗಳಲ್ಲಿಯೂ ಕಷ್ಟವುಂಟಾಗುತ್ತದೆ. ಮಾಡಿದ್ದನ್ನೇ ಮಾಡುವ ಅಭ್ಯಾಸಗಳೂ ಕಾಣುತ್ತವೆ. ಎಲ್ಲಾ ಮಕ್ಕಳಲ್ಲಿ ಇದು ಒಂದೇ ರೀತಿಯಾಗಿರುವದಿಲ್ಲ. ಒಂದು ಮಗುವಿಗೆ ಮಾತೇ ಇರುವದಿಲ್ಲ. ಇನ್ನೊಂದು ಮಗು ಬಹಳ ಮಾತಾಡಿದರೂ ಎದುರಿನವರ ಮಾತಿಗೆ ಹೊಂದಿಕೊಂಡು ಉತ್ತರ ಕೊಡಲಾರದು.

2. ಯಾವ ವಯಸ್ಸಿಗೆ ಏನನ್ನು ನೋಡಬೇಕು?

ಎಲ್ಲಾ ಮಕ್ಕಳು ಒಂದೇ ದಿವಸ ನಡೆಯುವದಿಲ್ಲ, ಒಂದೇ ದಿವಸ ಮಾತಾಡುವದಿಲ್ಲ. ಆದರೂ ಹೆಚ್ಚಿನ ಮಕ್ಕಳು ಈ ಕೆಳಗಿನವುಗಳನ್ನು ಹೇಳಿದ ವಯಸ್ಸಿನೊಳಗೆ ಮಾಡುತ್ತಾರೆ. ದಿನ ತುಂಬುವದಕ್ಕೆ ಮುಂಚೆ ಹುಟ್ಟಿದ ಕೂಸಿಗಾದರೋ ಎರಡು ವರುಷದ ವರೆಗೆ, ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ವಯಸ್ಸನ್ನು ಎಣಿಸತಕ್ಕದ್ದು.

2 ತಿಂಗಳಿಗೆ: ಮಾತಾಡಿಸಿದರೆ ನಗುತ್ತದೆ; ದೊಡ್ಡ ಶಬ್ದಕ್ಕೆ ಬೆಚ್ಚುತ್ತದೆ.

4 ತಿಂಗಳಿಗೆ: ಎತ್ತಿಕೊಂಡಾಗ ಕತ್ತು ನಿಲ್ಲುತ್ತದೆ, ತಾಯಿಯ ದನಿ ಕೇಳಿದ ಕಡೆಗೆ ತಿರುಗುತ್ತದೆ.

6 ತಿಂಗಳಿಗೆ: ಗಟ್ಟಿಯಾಗಿ ನಗುತ್ತದೆ, ಬೇಕಾದ ವಸ್ತುವಿಗೆ ಕೈ ಚಾಚುತ್ತದೆ.

9 ತಿಂಗಳಿಗೆ: ಆಸರೆ ಇಲ್ಲದೆ ಕೂಡ್ರುತ್ತದೆ, ಹೆಸರು ಕೂಗಿದರೆ ನೋಡುತ್ತದೆ, ಬಬಬ, ಮಮಮ ಎಂದು ದನಿ ಮಾಡುತ್ತದೆ.

1 ವರುಷಕ್ಕೆ: ಹಿಡಿದುಕೊಂಡು ಎದ್ದು ನಿಲ್ಲುತ್ತದೆ, ಹೋಗುವವರಿಗೆ ಕೈಬೀಸುತ್ತದೆ, ಬೇಡ ಎಂದರೆ ತಿಳಿಯುತ್ತದೆ, ಬಟ್ಟೆಯ ಕೆಳಗೆ ಬಚ್ಚಿಟ್ಟದ್ದನ್ನು ಹುಡುಕುತ್ತದೆ.

ಒಂದೂವರೆ ವರುಷಕ್ಕೆ: ತಾನಾಗಿ ನಡೆಯುತ್ತದೆ, ಅಮ್ಮ, ಅಪ್ಪ ಎಂಬದಲ್ಲದೆ ಮೂರಾದರೂ ಮಾತುಗಳನ್ನು ಆಡಲು ಯತ್ನಿಸುತ್ತದೆ, ಕಂಡ ಹಕ್ಕಿಯನ್ನೋ ಬಸ್ಸನ್ನೋ ಬೆರಳಿನಿಂದ ನಿಮಗೆ ತೋರಿಸುತ್ತದೆ.

2 ವರುಷಕ್ಕೆ: "ಹಾಲು ಬೇಕು" ಎಂಬ ಹಾಗೆ ಎರಡು ಮಾತುಗಳನ್ನು ಕೂಡಿಸುತ್ತದೆ, ಮೂಗೆಲ್ಲಿ, ಕಿವಿಯೆಲ್ಲಿ ಎಂದು ಕೇಳಿದರೆ ಮುಟ್ಟಿ ತೋರಿಸುತ್ತದೆ, ಓಡುತ್ತದೆ.

3 ವರುಷಕ್ಕೆ: ಬೇರೆ ಮಕ್ಕಳು ಆಡುವದನ್ನು ಕಂಡು ಅವರೊಂದಿಗೆ ಸೇರುತ್ತದೆ, ನಿಮ್ಮ ಮಾತಿಗೆ ಮಾತು ಕೊಡುತ್ತದೆ.

ಇವುಗಳಲ್ಲಿ ಒಂದು ತಪ್ಪಿದರೆ ಮಗುವಿಗೆ ದೊಡ್ಡ ಕೇಡು ಬಂತೆಂದು ತಿಳಿಯಬಾರದು. ಆದರೆ ತಪ್ಪಿದ್ದನ್ನು ಕಂಡಮೇಲೆ ಕೇಳದೆ ಸುಮ್ಮನಿರಲೂ ಬಾರದು.

3. ಆಟಿಸಂ ಇರಬಹುದೆಂದು ತೋರಿಸುವ ಗುರುತುಗಳು

ಬೆಳದಿಂಗಳಲ್ಲಿ ತಾಯಂದಿರು ಚಂದ್ರನನ್ನು ತೋರಿಸಿ ಊಟ ಮಾಡಿಸುವದು ನಮ್ಮೆಲ್ಲರ ಮನೆಗಳ ಪದ್ಧತಿ. ಇದು ಆಟವಾಗಿದ್ದರೂ ಒಂದು ಪರೀಕ್ಷೆಯೂ ಆಗಿದೆ. ಒಂದು ವರುಷ ದಾಟಿದ ಮಗುವು ತಾಯಿಯ ಬೆರಳು ಹೋದ ಕಡೆಗೆ ಕಣ್ಣಿಟ್ಟು ನೋಡುತ್ತದೆ. ಒಂದೂವರೆ ವರುಷದೊಳಗೆ ತಾನೇ ಬೆರಳು ಚಾಚಿ, ಚಂದ್ರನನ್ನು ನೋಡಿ, ತಿರುಗಿ ತಾಯಿಯ ಮೋರೆಯನ್ನು ನೋಡುತ್ತದೆ. "ನಾನು ಕಂಡದ್ದನ್ನು ನೀನೂ ನೋಡಮ್ಮ" ಎಂಬದೇ ಅದರ ಅರ್ಥ. ಮಾತು ಬರುವದಕ್ಕೆ ಮುಂಚೆ ಬರುವ ಮಾತು ಇದೇ. ಆಟಿಸಂ ಇರುವ ಅನೇಕ ಮಕ್ಕಳಲ್ಲಿ ಇದು ತಡವಾಗುತ್ತದೆ ಇಲ್ಲವೆ ಕಾಣುವದೇ ಇಲ್ಲ. ಅಂಥ ಮಗುವು ಬೇಕಾದದ್ದನ್ನು ತೋರಿಸುವದಕ್ಕೆ ಬದಲಾಗಿ ನಿಮ್ಮ ಕೈಯನ್ನೇ ಹಿಡಿದೆಳೆದು ಡಬ್ಬಿಯ ಮೇಲೆ ಇಡಬಹುದು.

ಇನ್ನು ಬೇರೆ ಗುರುತುಗಳು ಯಾವವೆಂದರೆ: ಹೆಸರು ಕೂಗಿದರೆ ತಿರುಗದೆ ಇರುವದು, ಮೋರೆಯನ್ನು ನೋಡುವದು ಬಹಳ ಕಡಿಮೆಯಾಗಿರುವದು, ಬರಿದಾದ ಲೋಟದಿಂದ ಗೊಂಬೆಗೆ ಹಾಲು ಕುಡಿಸುವಂಥ ನಟನೆಯ ಆಟವಿಲ್ಲದಿರುವದು, ಬಂಡಿಯನ್ನು ಓಡಿಸದೆ ಅದರ ಗಾಲಿಯನ್ನು ಮಾತ್ರ ತಿರುಗಿಸುತ್ತಾ ಇರುವದು, ವಸ್ತುಗಳನ್ನು ಸಾಲಾಗಿ ಇಟ್ಟು ಯಾರಾದರೂ ಕದಲಿಸಿದರೆ ಬಹಳ ಅಳುವದು, ಕೈಗಳನ್ನು ರೆಕ್ಕೆಯಂತೆ ಬಡಿಯುವದು, ಕೇಳಿದ ಮಾತನ್ನೇ ತಿರುಗಿ ಹೇಳುವದು, ಮಿಕ್ಸಿಯ ಶಬ್ದಕ್ಕಾಗಲಿ ಒಂದು ಬಗೆಯ ಬಟ್ಟೆಗಾಗಲಿ ಅನ್ನಕ್ಕಾಗಲಿ ತಾಳಲಾರದೆ ಹೋಗುವದು. ಇವುಗಳಲ್ಲಿ ಒಂದೇ ಒಂದನ್ನು ಕಂಡು ಆಟಿಸಂ ಎಂದು ನಾವಾಗಿಯೇ ಹೆಸರಿಡಬಾರದು. ಹಲವು ಕೂಡಿ ಕಾಣುವಾಗ ತಡಮಾಡಬಾರದು.

ಎರಡು ಸಂಗತಿಗಳನ್ನು ವಿಶೇಷವಾಗಿ ನೆನಪಿನಲ್ಲಿಡಿರಿ. ಮೊದಲನೆಯದು, ಬಂದ ಮಾತಾಗಲಿ ಕಲಿತ ಸನ್ನೆಯಾಗಲಿ ಯಾವ ವಯಸ್ಸಿನಲ್ಲಿಯಾದರೂ ನಿಂತುಹೋದರೆ ಒಂದು ದಿವಸವನ್ನೂ ಕಳೆಯದೆ ವೈದ್ಯರ ಬಳಿಗೆ ಹೋಗಬೇಕು. ಎರಡನೆಯದು, ಆಟಿಸಂ ಗಂಡುಮಕ್ಕಳಲ್ಲಿ ಹೆಚ್ಚಾಗಿ ಗುರುತಿಸಲ್ಪಟ್ಟರೂ ಹೆಣ್ಣುಮಕ್ಕಳಲ್ಲಿ ಇಲ್ಲವೆಂದಲ್ಲ. "ಹುಡುಗಿ ಸಾಧು, ಒಂದು ಕಡೆ ಸುಮ್ಮನೆ ಕುಳಿತಿರುತ್ತಾಳೆ" ಎಂದು ನಾವು ಹೊಗಳುವ ಮಗುವನ್ನೂ ಪರೀಕ್ಷಿಸಬೇಕಾಗಿರಬಹುದು.

4. ಇದು ಯಾರ ತಪ್ಪು?

ಯಾರ ತಪ್ಪೂ ಅಲ್ಲ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಸಿಕ್ಕಿದ ಉತ್ತರವನ್ನೂ ಬಲ್ಲ ನಾವು ಆ ಪ್ರಶ್ನೆಯನ್ನು ಇನ್ನೊಬ್ಬ ತಾಯಿಯ ಮನೆಯ ಬಾಗಲಲ್ಲಿ ತಿರುಗಿ ಕೇಳಬಾರದು.

ಕಲಿತವರೂ ಈ ವಿಷಯದಲ್ಲಿ ತಪ್ಪಿದ್ದಾರೆ. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ಪಟ್ಟಣದಲ್ಲಿದ್ದ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ವೃತ್ತಾಂತವನ್ನು ಬರೆದು ಆಟಿಸಂ ಎಂಬದನ್ನು ವಿವರಿಸಿದರು. ಆಮೇಲೆ ಅನೇಕ ವರುಷ ಕೆಲವು ಪಂಡಿತರು, ತಾಯಿಗೆ ಪ್ರೀತಿ ಸಾಲದ್ದರಿಂದಲೇ ಮಗು ಹೀಗಾಗುತ್ತದೆಂದು ಹೇಳಿ ತಾಯಂದಿರನ್ನು ಬಹಳವಾಗಿ ನೋಯಿಸಿದರು. ಬರ್ನಾರ್ಡ್ ರಿಮ್ಲಂಡ್ ಎಂಬವರು ಮನಶ್ಶಾಸ್ತ್ರಜ್ಞರೂ ಅಂಥ ಮಗುವಿನ ತಂದೆಯೂ ಆಗಿದ್ದರು. ಅವರು 1964ರಲ್ಲಿ ಒಂದು ಪುಸ್ತಕವನ್ನು ಬರೆದು ಇದಕ್ಕೆ ಕಾರಣವು ತಾಯಿಯಲ್ಲ, ಮಗುವಿನ ಮಿದುಳಿನ ಬೆಳವಣಿಗೆಯೇ ಎಂದು ವಾದಿಸಿದರು. ಆಟಿಸಂ ಉಂಟಾಗುವದರಲ್ಲಿ ವಂಶದಿಂದ ಬರುವ ಕಾರಣಗಳಿಗೆ ದೊಡ್ಡ ಪಾಲು ಉಂಟೆಂಬದು ಈಗ ಚೆನ್ನಾಗಿ ತಿಳಿದ ಸಂಗತಿ.

ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತು ಸಹ ಸುಳ್ಳು. 1998ರಲ್ಲಿ ಇಂಗ್ಲೆಂಡಿನ ಒಂದು ವೈದ್ಯಪತ್ರಿಕೆಯಲ್ಲಿ ಅಂಥ ಸಂಶಯವನ್ನು ಹುಟ್ಟಿಸಿದ ಲೇಖನವು ಬಂತು. ಅದರಲ್ಲಿ ತಪ್ಪುಗಳಿದ್ದದ್ದು ಬೈಲಾದದರಿಂದ ಆ ಪತ್ರಿಕೆಯವರೇ 2010ರಲ್ಲಿ ಅದನ್ನು ಹಿಂತೆಗೆದುಕೊಂಡರು. ಆದದರಿಂದ ಹೆದರಿ ಲಸಿಕೆ ತಪ್ಪಿಸಿದರೆ ಮಗುವು ದಡಾರಕ್ಕೆ ಗುರಿಯಾಗುವದೇ ಹೊರತು ಬೇರೇನೂ ಲಾಭವಿಲ್ಲ.

5. ಬೇಗನೆ ಗುರುತಿಸುವದರಿಂದ ಏನು ಪ್ರಯೋಜನ?

"ಇದಕ್ಕೆ ಔಷಧವಿಲ್ಲವೆಂದ ಮೇಲೆ ಬೇಗ ತಿಳಿದು ಮಾಡುವದೇನು?" ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಮೂರು ಉತ್ತರಗಳುಂಟು.

ಮೊದಲನೆಯದು, ಮಾತು ತಡವಾಗುವದಕ್ಕೆ ಕಾರಣವು ಯಾವಾಗಲೂ ಆಟಿಸಂ ಆಗಿರುವದಿಲ್ಲ. ಕೆಲವು ಮಕ್ಕಳಿಗೆ ಕಿವಿಯೇ ಕೇಳಿಸದು. ಹುಟ್ಟಿದ ತಿಂಗಳೊಳಗೆ ಕಿವಿಯನ್ನು ಪರೀಕ್ಷಿಸಿ, ಮೂರು ತಿಂಗಳೊಳಗೆ ನಿಶ್ಚಯಿಸಿ, ಆರು ತಿಂಗಳೊಳಗೆ ಶ್ರವಣಯಂತ್ರ ಮೊದಲಾದ ಸಹಾಯವನ್ನು ಆರಂಭಿಸಬೇಕೆಂಬದು ವೈದ್ಯರ ನಿಯಮ. ಇನ್ನು ಕೆಲವು ಕೂಸುಗಳಲ್ಲಿ ಥೈರಾಯ್ಡ್ ಗ್ರಂಥಿಯು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವದಿಲ್ಲ. ಹುಟ್ಟಿದ ಎರಡು ವಾರಗಳೊಳಗೆ ಮಾತ್ರೆಯನ್ನು ಆರಂಭಿಸಿದರೆ ಬುದ್ಧಿಯ ಬೆಳವಣಿಗೆಯನ್ನು ಉಳಿಸಿಕೊಳ್ಳಬಹುದು. ತಡವಾದರೆ ಆದ ನಷ್ಟವು ತಿರುಗಿ ತುಂಬುವದು ಕಷ್ಟ.

ಎರಡನೆಯದು, ಮೊದಲ ವರುಷಗಳಲ್ಲಿ ಮಗುವಿನ ಮಿದುಳು ಬಹು ವೇಗವಾಗಿ ಬೆಳೆಯುತ್ತದೆ. ಆ ಕಾಲದಲ್ಲಿ ಕಲಿಸಿದ್ದು ಹಸಿಗೋಡೆಗೆ ಇಟ್ಟ ಹರಳಿನಂತೆ ನಿಲ್ಲುತ್ತದೆ. ಆಟಿಸಂ ಇರುವ ಮಗುವನ್ನು ಅನುಭವವುಳ್ಳ ವೈದ್ಯರು ಎರಡು ವರುಷದ ವಯಸ್ಸಿನಲ್ಲಿಯೇ ಗುರುತಿಸಬಲ್ಲರು. ಕೆಲವರಲ್ಲಿ ಅದಕ್ಕೂ ಮುಂಚೆ ಕಾಣುತ್ತದೆ. ಬೇಗನೆ ಸಹಾಯ ದೊರೆತರೆ ಆಟಿಸಂ ಹೋಗಿಬಿಡುವದೆಂದು ನಾವು ಹೇಳುವದಿಲ್ಲ. ಆದರೆ ಬೇಕುಬೇಡಗಳನ್ನು ತಿಳಿಸುವದು, ಉಣ್ಣುವದು, ಉಡುವದು, ಇತರರ ಸಂಗಡ ಇರುವದು ಇವುಗಳಲ್ಲಿ ಮಗುವು ಮುಂದುವರಿಯುವದಕ್ಕೆ ದಾರಿಯಾಗುತ್ತದೆ.

ಮೂರನೆಯದು, ಈ ಸಹಾಯವು ಪಟ್ಟಣದ ಐಶ್ವರ್ಯವಂತರಿಗೆ ಮಾತ್ರ ಆಗತಕ್ಕದ್ದಲ್ಲ. ಗೋವಾದಲ್ಲಿಯೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲಿಯೂ 2 ರಿಂದ 9 ವರುಷದ 65 ಮಕ್ಕಳ ವಿಷಯದಲ್ಲಿ ನಡೆದ ಒಂದು ಪರೀಕ್ಷೆಯ ಫಲವು 2016ರಲ್ಲಿ ಪ್ರಕಟವಾಯಿತು. ಅಲ್ಲಿ ದೊಡ್ಡ ವೈದ್ಯರಲ್ಲ, ತರಬೇತಿ ಹೊಂದಿದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ತಂದೆತಾಯಿಗಳಿಗೆ 12 ಪಾಠಗಳಲ್ಲಿ ಮಗುವಿನ ಸಂಗಡ ಆಡುವ ಕ್ರಮವನ್ನು ಕಲಿಸಿದರು. ತಂದೆತಾಯಿಗಳು ಮಗುವಿನ ಮನಸ್ಸನ್ನು ಅನುಸರಿಸಿ ಆಡುವದನ್ನು ಕಲಿತರು. ಮಕ್ಕಳೂ ತಾವಾಗಿ ಅವರ ಸಂಗಡ ಸಂಪರ್ಕ ಮಾಡುವದು ಹೆಚ್ಚಾಯಿತು.

6. ಎಲ್ಲಿಗೆ ಹೋಗಬೇಕು? ಏನು ಹೇಳಬೇಕು?

ಮೊದಲು ನಿಮ್ಮ ಪೆಟ್ಟಿಗೆಯಲ್ಲಿರುವ ತಾಯಿ ಕಾರ್ಡನ್ನು ತೆಗೆಯಿರಿ. ಲಸಿಕೆಯ ದಿನಗಳನ್ನು ನೋಡುವದಕ್ಕೆ ಮಾತ್ರ ಅದನ್ನು ಇಟ್ಟುಕೊಂಡಿದ್ದೇವೆ; ತಾಯಿ ಮಕ್ಕಳ ರಕ್ಷಣೆಯ ಆ ಕಾರ್ಡಿನಲ್ಲಿ ಮಗು ಯಾವ ವಯಸ್ಸಿಗೆ ಏನು ಮಾಡಬೇಕೆಂಬದೂ ಅಚ್ಚಾಗಿದೆ. ಬಳಿಕ ಅಂಗನವಾಡಿಯ ಕಾರ್ಯಕರ್ತೆಗಾಗಲಿ ಆಶಾ ಕಾರ್ಯಕರ್ತೆಗಾಗಲಿ ನಿಮ್ಮ ಸಂಶಯವನ್ನು ತಿಳಿಸಿರಿ. 2013ರಲ್ಲಿ ಸರಕಾರದವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಆರಂಭಿಸಿದರು. ಅದರ ವೈದ್ಯರ ತಂಡವು ವರುಷಕ್ಕೆ ಎರಡು ಸಾರಿ ಅಂಗನವಾಡಿಗೂ ಒಂದು ಸಾರಿ ಸರಕಾರಿ ಶಾಲೆಗೂ ಬಂದು ಮಕ್ಕಳನ್ನು ಪರೀಕ್ಷಿಸತಕ್ಕದ್ದು. ತಂಡವು ಬರುವ ದಿವಸ ಮಗುವನ್ನು ಮನೆಯಲ್ಲಿ ಬಚ್ಚಿಡಬೇಡಿರಿ. ಸಂಶಯವಿರುವ ಮಕ್ಕಳನ್ನು ಅವರು ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳುಹಿಸುತ್ತಾರೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಆಸ್ಪತ್ರೆಯೂ ಇವೆ.

ವೈದ್ಯರ ಎದುರಿನಲ್ಲಿ ಬರಿದೆ "ಮಾತು ಬಂದಿಲ್ಲ" ಎಂದು ಹೇಳಿ ನಿಲ್ಲಿಸಬೇಡಿರಿ. ಕಂಡದ್ದನ್ನು ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿರಿ: ಯಾವ ತಿಂಗಳಿಗೆ ಕುಳಿತಿತು, ಯಾವಾಗ ನಡೆಯಿತು, ಎಷ್ಟು ಮಾತು ಬರುತ್ತದೆ, ಹೆಸರು ಕೂಗಿದರೆ ಹತ್ತು ಸಾರಿಯಲ್ಲಿ ಎಷ್ಟು ಸಾರಿ ತಿರುಗುತ್ತದೆ, ಬೆರಳು ಚಾಚಿ ತೋರಿಸುತ್ತದೋ ಇಲ್ಲವೋ. ಕಿವಿಯ ಪರೀಕ್ಷೆಯನ್ನು ಮಾಡಿಸಬೇಕೋ ಎಂದು ನೀವೇ ಕೇಳಿರಿ. "ಕಾದು ನೋಡಿ" ಎಂದು ಹೇಳಿದರೆ, "ಎಷ್ಟು ದಿವಸ ಕಾಯಬೇಕು? ಯಾವ ತಾರೀಖಿಗೆ ತಿರುಗಿ ಬರಬೇಕು?" ಎಂದು ವಿನಯವಾಗಿ ಕೇಳಿ ಆ ತಾರೀಖನ್ನು ಬರೆದುಕೊಳ್ಳಿರಿ. ಮಗುವಿನ ಮೈಗೆ ಬರೆ ಹಾಕುವವರನ್ನೂ, ಸಾವಿರಾರು ರೂಪಾಯಿ ತೆಗೆದುಕೊಂಡು ಪೂರ್ಣ ಗುಣಪಡಿಸುತ್ತೇವೆನ್ನುವವರನ್ನೂ ಬಿಟ್ಟು ದೂರವಿರಿ.

ಆಟಿಸಂ ಇದೆಯೆಂದು ನಿಶ್ಚಯವಾದರೆ ನಾಚಬೇಕಾಗಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯಲ್ಲಿ ಹೇಳಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಅದರ ಪ್ರಮಾಣಪತ್ರವನ್ನು ಪಡೆಯುವದು ಮಗುವಿಗೆ ಅವಮಾನವಲ್ಲ, ಅದರ ಹಕ್ಕು.

7. ಮನೆಯಲ್ಲಿಯೂ ಸಭೆಯಲ್ಲಿಯೂ ಮಾಡತಕ್ಕದ್ದು

ವೈದ್ಯರ ದಿನ ಬರುವ ತನಕ ಕೈಕಟ್ಟಿ ಕೂಡ್ರಬೇಡಿರಿ. ದಿನಾಲು ಸ್ವಲ್ಪ ಹೊತ್ತು ನೆಲದ ಮೇಲೆ ಮಗುವಿನ ಎದುರಿಗೆ, ಅದರ ಕಣ್ಣಿನ ಮಟ್ಟಕ್ಕೆ ಕುಳಿತು, ಅದು ಆಡುವದನ್ನೇ ನೀವೂ ಆಡಿರಿ. ಅದು ದನಿ ಮಾಡಿದರೆ ನೀವೂ ಅದೇ ದನಿ ಮಾಡಿ, ಉತ್ತರಕ್ಕಾಗಿ ಸ್ವಲ್ಪ ಕಾದುಕೊಂಡಿರಿ. ಉದ್ದವಾದ ಮಾತಿಗೆ ಬದಲಾಗಿ "ನೀರು", "ಬಾ", "ಕೊಡು" ಎಂಬ ಚಿಕ್ಕ ಮಾತುಗಳನ್ನು ವಸ್ತು ತೋರಿಸಿ ಹೇಳಿರಿ. ಸೆರಗಿನ ಮರೆಯಲ್ಲಿ ಮೋರೆ ಬಚ್ಚಿಟ್ಟು ತೋರಿಸುವ ಆಟಕ್ಕೆ ಕಾಸು ಖರ್ಚಿಲ್ಲ. ಅಳುವ ಮಗುವಿನ ಕೈಯಲ್ಲಿ ಮೊಬೈಲನ್ನು ಕೊಟ್ಟು ಕೂಡ್ರಿಸಬೇಡಿರಿ. ಎರಡು ವರುಷದೊಳಗಿನ ಮಕ್ಕಳಿಗೆ ಅದು ಬೇಡವೆಂದೂ, ಎರಡು ವರುಷ ತುಂಬಿದವರಿಗೆ ದಿನಕ್ಕೆ ಒಂದು ತಾಸು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ತಿಳಿಸಿತು. ಮೊಬೈಲಿನಿಂದ ಆಟಿಸಂ ಹುಟ್ಟುತ್ತದೆಂದು ಹೇಳುವದಲ್ಲ. ತಾಯಿಯ ಸಂಗಡ ಮಾತಾಡುವ ಹೊತ್ತನ್ನು ಅದು ಕದ್ದುಕೊಳ್ಳುತ್ತದೆ.

ಸಭೆಯವರಿಗೂ ಕೆಲಸವುಂಟು. ಆರಾಧನೆಯಲ್ಲಿ ಮಗುವು ಎದ್ದು ಓಡಾಡಿದರೆ, ಕೂಗಿದರೆ, ತಿರುಗಿ ತಾಯಿಯನ್ನು ದಿಟ್ಟಿಸಿ ನೋಡಬೇಡಿರಿ. ಒಂದು ಭಾನುವಾರ ನಾಚಿದ ತಾಯಿಯು ಮುಂದಿನ ಭಾನುವಾರ ಬರುವದಿಲ್ಲ; ಮನೆಯೊಳಗೆ ಅಡಗಿದ ಮಗುವನ್ನು ಗಮನಿಸುವವರು ಯಾರೂ ಇರುವದಿಲ್ಲ. ಭಾನುವಾರದ ಶಾಲೆಯ ಶಿಕ್ಷಕರು ಹಿಂದುಳಿದ ಮಗುವನ್ನು ಕಂಡರೆ ತಂದೆತಾಯಿಗಳನ್ನು ಒತ್ತಟ್ಟಿಗೆ ಕರೆದು ಪ್ರೀತಿಯಿಂದ ತಿಳಿಸಲಿ. ಜಿಲ್ಲಾ ಆಸ್ಪತ್ರೆಗೆ ಹೋಗುವ ದಿವಸ ಕೂಲಿ ತಪ್ಪುವ ಮನೆಯವರಿಗೆ ಬಸ್ಸಿನ ಖರ್ಚನ್ನು ಕೊಡುವದೂ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡಿಕೊಳ್ಳುವದೂ ನಮ್ಮಿಂದ ಆಗತಕ್ಕ ಉಪಕಾರವೇ.

ನಾವು ಮೊದಲು ಹೇಳಿದ ಆ ಹುಡುಗನಿಗೆ ಈಗ ಹತ್ತು ವರುಷ. ಅವನು ಮಾತಾಡುವದು ಸ್ವಲ್ಪವೇ. ಚಿತ್ರಗಳ ಕಾರ್ಡುಗಳನ್ನು ಎತ್ತಿ ತೋರಿಸಿ ನೀರು ಬೇಕು, ಹೊರಗೆ ಹೋಗಬೇಕು ಎಂದು ತಿಳಿಸುತ್ತಾನೆ. ಐದು ವರುಷಕ್ಕೆ ಆರಂಭಿಸಿದ್ದು ವ್ಯರ್ಥವಾಗಲಿಲ್ಲ. ಆದದರಿಂದ ಈಗಾಗಲೇ ತಡಮಾಡಿದವರು ಸಹ ಧೈರ್ಯಗೆಡದಿರಲಿ. ಆದರೂ ಅವನ ತಾಯಿಯು ಒಂದೂವರೆ ವರುಷಕ್ಕೇ ಕಂಡಿದ್ದಳೆಂಬದನ್ನು ನಾವು ಮರೆಯಲಾರೆವು. ತಾಯಿಯ ಮನಸ್ಸಿಗೆ ಸಮಾಧಾನವಿಲ್ಲದಿದ್ದರೆ ಅದನ್ನು ಹಗುರವಾಗಿ ಎಣಿಸಬೇಡಿರಿ. ನಿಮ್ಮ ಬಳಿಗೆ ಅಂಥವಳು ಬಂದರೆ "ಕಾದು ನೋಡು" ಎನ್ನದೆ, "ನಡೆ, ನಾಳೆಯೇ ಹೋಗಿ ಕೇಳೋಣ" ಅನ್ನಿರಿ.

ಮನೆಯಲ್ಲಿ ಕೂಡಿ ವಿಚಾರಿಸತಕ್ಕ ಪ್ರಶ್ನೆಗಳು

1. ಬೆಳವಣಿಗೆಯ ನಾಲ್ಕು ಭಾಗಗಳು ಯಾವವು?
2. ಒಂದೂವರೆ ವರುಷದ ಮಗುವು ಬೆರಳು ಚಾಚಿ ತೋರಿಸುವದರ ಅರ್ಥವೇನು?
3. ಯಾವ ಗುರುತನ್ನು ಕಂಡಾಗ ಒಂದು ದಿವಸವೂ ತಡಮಾಡಬಾರದು?
4. ಮಾತು ತಡವಾದ ಮಗುವಿಗೆ ಕಿವಿಯ ಪರೀಕ್ಷೆ ಯಾಕೆ ಬೇಕು?
5. ನಮ್ಮ ಊರಿನ ಅಂಗನವಾಡಿಗೆ ವೈದ್ಯರ ತಂಡವು ಯಾವಾಗ ಬರುತ್ತದೆ? ಈ ವಾರದಲ್ಲಿ ಯಾರು ವಿಚಾರಿಸಿ ಬರುವಿರಿ?
6. ನಮ್ಮ ತಾಯಿ ಕಾರ್ಡು ಎಲ್ಲಿದೆ?